ಅಳಿಯ ಯಾವ ಪಕ್ಷ?

ಹೆಣ್ಣು ಕೊಡುವ ಮುಂಚೆ ನಮ್ಮಲ್ಲಿ ಕೇಳುವ ಪ್ರಶ್ನೆಗಳೇನು ಕಡಿಮೆಯೇ? ಜಾತಿ, ಒಳಪಂಗಡ, ಗೋತ್ರ, ನಕ್ಷತ್ರ, ಸಂಬಳ, ಸೈಟು. ಈಚೆಗೆ ‘ವೀಸಾ ಯಾವುದು’ ಎಂಬುದೂ ಸೇರಿಕೊಂಡಿದೆ. ಆದರೆ ಹುಡುಗ ಯಾವ ಪಕ್ಷಕ್ಕೆ ಓಟು ಹಾಕುತ್ತಾನೆ ಎಂದು ಕೇಳಿ, ಉತ್ತರ ಹಿಡಿಸದೆ ಜಾತಕ ವಾಪಸು ಕಳಿಸಿದ ಮಾವನನ್ನು ನಾನಂತೂ ಕಂಡಿಲ್ಲ. ಅಮೆರಿಕದಲ್ಲಿ ಅಂಥ ಮಾವಂದಿರು ಬೇಕಾದಷ್ಟು ಸಿಗುತ್ತಾರೆ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ ಎಂದು 1960ರ ಸುಮಾರಿಗೆ ಅಲ್ಲಿನ ಜನರನ್ನು ಕೇಳಿದ್ದರು. ಹೌದು ಎಂದವರು ನೂರಕ್ಕೆ ನಾಲ್ಕೈದು ಮಂದಿ. ಅರ್ಧ ಶತಮಾನ ಕಳೆದು 2010ರಲ್ಲಿ ಅದೇ ಬಗೆಯ ಪ್ರಶ್ನೆ ಕೇಳಿದಾಗ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, ಡೆಮಾಕ್ರಟರಲ್ಲಿ ಮೂರರಲ್ಲೊಂದು ಪಾಲು ಜನ ಮುಖ ಸಿಂಡರಿಸಿದರು. ಈ ಅಂಕಿಗಳನ್ನು ಜೋಡಿಸಿ ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರಾದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಂತೋ ಅಯ್ಯಂಗಾರ್. ಜಾತಿಯಿಲ್ಲದ ದೇಶದ ಜಾತಿಗಣತಿ ಮಾಡಿಕೊಡುವುದಕ್ಕೆ ಒಬ್ಬ ಅಯ್ಯಂಗಾರರೇ ಬೇಕಾಯಿತು ನೋಡಿ.

ಮದುವೆಯ ಮಾತು ಹಾಗಿರಲಿ, ಊಟಕ್ಕೂ ಈ ಮಡಿ ತಟ್ಟಿದೆ. ನವೆಂಬರಿನ ನಾಲ್ಕನೆಯ ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ದೇಶದ ಯಾವ ಮೂಲೆಯಲ್ಲಿದ್ದರೂ ಮಕ್ಕಳು ಮರಿ ಎಲ್ಲ ಹಿರಿಯರ ಮನೆ ಸೇರಿ ಟರ್ಕಿ ಕೋಳಿ ಹಂಚಿಕೊಂಡು ತಿನ್ನಬೇಕು. ಟ್ರಂಪ್ ಮೊದಲ ಸಲ ಗೆದ್ದ 2016ರ ಹಬ್ಬದಲ್ಲಿ ಯಾರ ಮನೆಯ ಮೊಬೈಲು ಯಾರ ಮನೆಗೆ ಹೋಗಿ ಎಷ್ಟು ಹೊತ್ತು ಕೂತಿತ್ತು ಎಂದು ಇಬ್ಬರು ಸಂಶೋಧಕರು ಲೆಕ್ಕ ತೆಗೆದರು. ಒಂದೇ ಪಕ್ಷದ ಕೇರಿಗಳವರು ಸೇರಿದ ಊಟಕ್ಕಿಂತ ಎದುರಾಳಿ ಕೇರಿಗಳವರು ಸೇರಿದ ಊಟ 30ರಿಂದ 50 ನಿಮಿಷ ಮೊದಲೇ ಮುಗಿದಿತ್ತಂತೆ. ಸಿಹಿ ಬಡಿಸುವ ಹೊತ್ತಿಗೆ ಜಗಳ ಶುರುವಾಗಿರಬೇಕು, ಇಲ್ಲವೇ ಜಗಳವಾದೀತೆಂದು ಹೆದರಿ ಎಲ್ಲರೂ ಎದ್ದಿರಬೇಕು. ಎರಡನೆಯದೇ ಇರಬಹುದೆಂದು ನನ್ನ ಊಹೆ. ಜಗಳ ಶುರುವಾದರೆ ಯಾರೂ ಬೇಗ ಏಳುವುದಿಲ್ಲ.

ಅಳಿಯನಿಗೆ ಕೇಳುವ ಈ ಪ್ರಶ್ನೆಯನ್ನು ಅವರು ಕೊಲೆಗಾರನಿಗೂ ಕೇಳತೊಡಗಿದ್ದಾರೆ. ಎಲ್ಲೋ ಬಾಂಬು ಸಿಡಿಯಿತು, ಯಾರೋ ಗುಂಡು ಹಾರಿಸಿದರು ಎಂದರೆ ಎಷ್ಟು ಜನ ಸತ್ತರು ಎಂಬುದು ಎರಡನೆಯ ಪ್ರಶ್ನೆ. ಹೊಡೆದವನು ಯಾವ ಕಡೆಯವನು ಎಂಬುದು ಮೊದಲನೆಯದು.

ನನ್ನ ಭಾವಮೈದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ, ಚಿಕ್ಕಪ್ಪನ ಮಗ ಟೆಕ್ಸಾಸಿನ ಪ್ಲೇನೋದಲ್ಲಿ. ಇಬ್ಬರೂ ಮೈಸೂರಿನ ಒಂದೇ ಕಾಲೇಜಿನಲ್ಲಿ ಒಂದೇ ಬೆಂಚು ಸವೆಸಿದವರು. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನದ ಊಟದ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತು ಬಿಸಿಬೇಳೆಬಾತಿಗೆ ತಟ್ಟೆ ಒಡ್ಡಿದವರು. ಈಗ ಒಬ್ಬ ನೀಲಿ, ಅಂದರೆ ಡೆಮಾಕ್ರಟ್; ಒಬ್ಬ ಕೆಂಪು, ಅಂದರೆ ರಿಪಬ್ಲಿಕನ್. ಇಬ್ಬರೂ ಇರುವ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾವು ಊರಿನವರು ಹಬ್ಬದ ಶುಭಾಶಯ, ಮೊಮ್ಮಕ್ಕಳ ಫೋಟೊ ಹಾಕಿಕೊಂಡು ತೆಪ್ಪಗಿರುತ್ತೇವೆ. 2024ರ ಜುಲೈ 13ರ ಸಂಜೆ, ಅಂದರೆ ನಮಗೆ ಭಾನುವಾರ ಬೆಳಗಿನ ಜಾವ, ಪೆನ್ಸಿಲ್ವೇನಿಯಾದ ಬಟ್ಲರ್ ಎಂಬಲ್ಲಿ ಟ್ರಂಪ್ ಭಾಷಣ ಮಾಡುತ್ತಿದ್ದಾಗ ಇಪ್ಪತ್ತು ವರ್ಷದ ಹುಡುಗನೊಬ್ಬ ಪಕ್ಕದ ಕಟ್ಟಡದ ಮಾಡಿನ ಮೇಲಿಂದ ಗುಂಡು ಹಾರಿಸಿದ. ಕಿವಿಗೆ ತಾಗಿಕೊಂಡು ಹೋಯಿತು. ನಾವು ಎದ್ದು ಕಾಫಿ ಕುಡಿಯುವ ಹೊತ್ತಿಗೆ ಗುಂಪಿನಲ್ಲಿ ಮಹಾಯುದ್ಧ ನಡೆದಿತ್ತು.

ಇದು ನಿಮ್ಮವರ ದ್ವೇಷದ ಫಲ ಎಂದು ಪ್ಲೇನೋ. ಸ್ವಲ್ಪ ಹೊತ್ತಿಗೆ ಎಡಿಸನ್ನಿನಿಂದ ಒಂದು ಬಾಣ ಬಂತು. ಹುಡುಗ ಮತದಾರರ ಪಟ್ಟಿಯಲ್ಲಿ ರಿಪಬ್ಲಿಕನ್ ಎಂದು ಹೆಸರು ಬರೆಸಿದವನು! (ಅಲ್ಲಿನ ಹಲವು ರಾಜ್ಯಗಳಲ್ಲಿ ಹೆಸರು ನೋಂದಾಯಿಸುವಾಗ ಪಕ್ಷವನ್ನೂ ಬರೆಸಬಹುದು, ಅದು ಸರ್ಕಾರಿ ಕಡತದಲ್ಲಿ ಇರುತ್ತದೆ, ಎಷ್ಟೋ ಕಡೆ ಹೊರಗಿನವರೂ ನೋಡಬಹುದು. ನಮ್ಮಲ್ಲಿ ಈ ಪದ್ಧತಿ ತಂದರೆ ನೀರಿನ ಟ್ಯಾಂಕರು ಯಾವ ಬೀದಿಗೆ ಮೊದಲು ಬರುತ್ತದೆಂದು ಯೋಚಿಸಿ.) ಪ್ಲೇನೋ ಸುಮ್ಮನಿದ್ದಾನೆಯೇ? ಇನ್ನಷ್ಟು ಹೊತ್ತಿಗೆ ಅದೇ ಹುಡುಗ 2021ರಲ್ಲಿ ಡೆಮಾಕ್ರಟರ ಕಡೆಯ ಗುಂಪೊಂದಕ್ಕೆ 15 ಡಾಲರ್ ಚಂದಾ ಕೊಟ್ಟ ದಾಖಲೆ ಹುಡುಕಿ ತಂದ. ಎರಡೂ ನಿಜ. ಒಬ್ಬನೇ ಹುಡುಗ ಎರಡೂ ಕಡೆಯವರಿಗೆ ಸಾಕಾಗುವಷ್ಟು ಸಾಕ್ಷಿ ಬಿಟ್ಟು ಸತ್ತಿದ್ದ. ಏಕೆ ಹೊಡೆದ ಎಂಬುದಕ್ಕೆ ಮಾತ್ರ ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಅಂದು ಸಭೆಗೆ ಬಂದಿದ್ದ ಒಬ್ಬಾತ, ಹಿಂದೆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದವನು, ಹೆಂಡತಿ ಮಕ್ಕಳಿಗೆ ಅಡ್ಡಬಿದ್ದು ಗುಂಡು ತಿಂದು ಪ್ರಾಣ ಬಿಟ್ಟ. ಇಡೀ ದಿನದ ಜಗಳದಲ್ಲಿ ಆತನ ಪ್ರಸ್ತಾಪ ಒಂದು ಸಲವೂ ಬರಲಿಲ್ಲ. ಆತನಿಂದ ಯಾರ ವಾದಕ್ಕೂ ಉಪಯೋಗವಿರಲಿಲ್ಲ.

ಕೆಂಪು ನೀಲಿ ಎಂದೆನಲ್ಲ, ಅದೂ ಹಳೆಯದೇನಲ್ಲ. ಜಗತ್ತಿನ ಉಳಿದೆಡೆ ಕೆಂಪು ಬಾವುಟ ಎಂದರೆ ಎಡಪಂಥೀಯರು. ಅಮೆರಿಕದಲ್ಲಿ ಬಲಪಂಥೀಯರು ಕೆಂಪು. 1980ರಲ್ಲಿ ರೇಗನ್ ಗೆದ್ದಾಗ ಅವರ ಟೀವಿ ವಾಹಿನಿಯೊಂದು ಆತ ಗೆದ್ದ ರಾಜ್ಯಗಳಿಗೆಲ್ಲ ನೀಲಿ ಬಳಿದಿತ್ತು. ಯಾವ ವರ್ಷ ಯಾರಿಗೆ ಯಾವ ಬಣ್ಣ ಎಂಬುದು ವಾಹಿನಿಗಳ ಮರ್ಜಿ. 2000ದಲ್ಲಿ ಬುಷ್–ಗೋರ್ ಚುನಾವಣೆಯ ಫಲಿತಾಂಶ ಫ್ಲಾರಿಡಾದಲ್ಲಿ ಸಿಕ್ಕಿಕೊಂಡು ವಾರಗಟ್ಟಲೆ ಒಂದೇ ಭೂಪಟ ಟೀವಿಯಲ್ಲಿ ಕಂಡು ಕಂಡು, ಆ ವರ್ಷ ಹಚ್ಚಿದ್ದ ಬಣ್ಣವೇ ಮೈಗೆ ಹತ್ತಿತು. ಆಗ ಹತ್ತಿದ್ದು ಇನ್ನೂ ತೊಳೆದು ಹೋಗಿಲ್ಲ.

ಅದರ ಮರುವರ್ಷವೇ ಸೆಪ್ಟೆಂಬರ್ 11. ಹತ್ತೊಂಬತ್ತು ಮಂದಿ ನಾಲ್ಕು ವಿಮಾನ ಅಪಹರಿಸಿ ಹತ್ತಿರ ಹತ್ತಿರ ಮೂರು ಸಾವಿರ ಜನರನ್ನು ಕೊಂದರು. ಅಂದು ಸಂಜೆ ಸಂಸತ್ ಭವನದ ಮೆಟ್ಟಿಲ ಮೇಲೆ ಎರಡೂ ಪಕ್ಷದವರು ಒತ್ತೊತ್ತಾಗಿ ನಿಂತು ದೇಶಭಕ್ತಿಗೀತೆ ಹಾಡಿದರು. ದಾಳಿಗೆ ಮುಂಚೆ ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಆಡಳಿತ ಮೆಚ್ಚಿದವರು ಶೇ. 51. ಎರಡು ವಾರದೊಳಗೆ ಅದು ಶೇ. 90. ಆ ಸಂಸ್ಥೆಯ ಇತಿಹಾಸದಲ್ಲಿ ಯಾವ ಅಧ್ಯಕ್ಷನಿಗೂ ಅಷ್ಟು ಅಂಕ ಬಂದಿದ್ದಿಲ್ಲ, ಆಮೇಲೂ ಬಂದಿಲ್ಲ. ಇಂದಿನವರಿಗೆ ನಂಬಲು ಕಷ್ಟವಾಗುವ ಸಂಗತಿ ಇನ್ನೊಂದಿದೆ. ದಾಳಿಯಾದ ಆರನೆಯ ದಿನ ಬುಷ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಹೋಗಿ, ಇಸ್ಲಾಂ ಶಾಂತಿಯ ಧರ್ಮ, ನಮ್ಮ ಮುಸ್ಲಿಂ ನೆರೆಯವರನ್ನು ಗೋಳುಹೊಯ್ದುಕೊಳ್ಳಬೇಡಿ ಎಂಬರ್ಥದ ಮಾತಾಡಿ ಬಂದ. ರಿಪಬ್ಲಿಕನ್ ಅಧ್ಯಕ್ಷ! ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಅಮೆರಿಕದ ಮುಸ್ಲಿಮರ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದವರು ಮಾರ್ಚಿನಲ್ಲಿ ಶೇ. 45 ಇದ್ದದ್ದು ನವೆಂಬರಿಗೆ ಶೇ. 59ಕ್ಕೆ ಏರಿತ್ತು. ಹೆಚ್ಚು ಏರಿದ್ದು ಸಂಪ್ರದಾಯಸ್ಥ ರಿಪಬ್ಲಿಕನ್ನರಲ್ಲೇ. ನಾಯಕ ಹೇಳಿದ್ದನ್ನು ಹಿಂಬಾಲಕ ಕೇಳುತ್ತಾನೆ, ಒಳ್ಳೆಯದಾದರೂ ಕೇಳುತ್ತಾನೆ. ಈ ಅಂಕಿಯನ್ನು ಮುಂದೆ ಬಂದ ನಾಯಕರು ಯಾರೂ ಗೋಡೆಗೆ ಅಂಟಿಸಿಕೊಳ್ಳಲಿಲ್ಲ.

ಹಾಗೆಂದು ಆ ಒಗ್ಗಟ್ಟನ್ನು ನೆನೆದು ಕಣ್ಣೀರು ಹಾಕುವವನು ನಾನಲ್ಲ. ಸಮೀಕ್ಷೆ ಏನಾದರೂ ಹೇಳಲಿ, ನಾಲ್ಕೇ ದಿನಕ್ಕೆ ಅರಿಜೋನಾದ ಮೇಸಾ ಪಟ್ಟಣದಲ್ಲಿ ಪೆಟ್ರೋಲ್ ಬಂಕಿನ ಮಾಲೀಕರಾದ ಸಿಖ್ಖರೊಬ್ಬರನ್ನು ರುಮಾಲು ನೋಡಿ ಅರಬನೆಂದು ಬಗೆದು ಗುಂಡಿಟ್ಟು ಕೊಂದರು. ಬಂಕಿನ ಮುಂದೆ ಗಿಡ ನೆಡುವ ಕೆಲಸದಲ್ಲಿದ್ದರು ಅವರು. ಇನ್ನು ಸಂಸತ್ತು: ದಾಳಿ ಮಾಡಿದವರ ಮೇಲೆ ಸೇನಾಬಲ ಬಳಸಲು ಅಧ್ಯಕ್ಷನಿಗೆ ಅಧಿಕಾರ ಕೊಡುವ ನಿರ್ಣಯ ಸೆಪ್ಟೆಂಬರ್ 14ಕ್ಕೆ ಬಂತು. ಸೆನೆಟ್ಟಿನಲ್ಲಿ 98–0, ಕೆಳಮನೆಯಲ್ಲಿ 420–1. ಆ ಒಂದು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಇದಕ್ಕೆ ಹೊತ್ತುಗೊತ್ತಿನ ಮಿತಿಯೇ ಇಲ್ಲವಲ್ಲ ಎಂದು ಆಕೆ ಕೇಳಿದ್ದಕ್ಕೆ ಸಿಕ್ಕ ಬಹುಮಾನ ಕೊಲೆ ಬೆದರಿಕೆಯ ಪತ್ರಗಳು, ಜೊತೆಗೆ ಪೊಲೀಸು ಕಾವಲು. ಇಪ್ಪತ್ತು ವರ್ಷ ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದ ಮೇಲೆ ಆಕೆ ಕೇಳಿದ್ದು ಸರಿ ಎಂದವರ ಸಂಖ್ಯೆ ದೊಡ್ಡದು. ಹೆದರಿದ ಮನೆಯಲ್ಲಿ ಎಲ್ಲರೂ ಒಟ್ಟಿಗಿರುತ್ತಾರೆ ನಿಜ, ಆದರೆ ಬಾಗಿಲು ತೆಗೆಯುವವನನ್ನು ಬೈಯುವವರೂ ಅವರೇ.

ಹೆದರಿಕೆಗೂ ಬಣ್ಣ ಬಂದದ್ದು 2002ರ ಮಾರ್ಚಿನಲ್ಲಿ. ಹಸಿರು, ನೀಲಿ, ಹಳದಿ, ಕಿತ್ತಳೆ, ಕೆಂಪು ಎಂದು ಐದು ಮೆಟ್ಟಿಲಿನ ಎಚ್ಚರಿಕೆ ಪಟ್ಟಿ ತಂದರು. ಕೆಂಪೆಂದರೆ ಘೋರ ಅಪಾಯ, ಹಸಿರೆಂದರೆ ನಿಶ್ಚಿಂತೆ. ಪಟ್ಟಿ ಬಾಳಿದ್ದು ಒಂಬತ್ತು ವರ್ಷ. ಅಷ್ಟೂ ಕಾಲ ದೇಶಕ್ಕೆ ಹಸಿರೂ ಹತ್ತಲಿಲ್ಲ, ನೀಲಿಯೂ ಹತ್ತಲಿಲ್ಲ. ಹಳದಿಯಲ್ಲೇ ಕೂತು ಆಗೀಗ ಕಿತ್ತಳೆಗೆ ಏರುವುದು, ಮತ್ತೆ ಹಳದಿಗೆ ಇಳಿಯುವುದು. ನಿಶ್ಚಿಂತೆಯಾಗಿರಿ ಎಂದು ಹೇಳಿ ಮರುದಿನ ಏನಾದರೂ ಆಗಿಬಿಟ್ಟರೆ? ಅಂಥ ಧೈರ್ಯದ ಅಧಿಕಾರಿ ಯಾವ ದೇಶದಲ್ಲಿದ್ದಾನೆ? 2003ರ ಫೆಬ್ರವರಿಯಲ್ಲಿ ಕಿತ್ತಳೆ ಏರಿದಾಗ, ವಿಷಾನಿಲದ ದಾಳಿಯಾದರೆ ಕಿಟಕಿ ಬಾಗಿಲಿಗೆ ಮುಚ್ಚಲು ಪ್ಲಾಸ್ಟಿಕ್ ಹಾಳೆ, ಡಕ್ಟ್ ಟೇಪು ಮನೆಯಲ್ಲಿರಲಿ ಎಂದು ಸರ್ಕಾರ ಸಲಹೆ ಕೊಟ್ಟಿತು. ಎಷ್ಟೋ ಅಂಗಡಿಗಳಲ್ಲಿ ಟೇಪು ಖಾಲಿ. ಟೀವಿ ವಿದೂಷಕರಿಗೆ ವರ್ಷಕ್ಕಾಗುವಷ್ಟು ಸಾಮಗ್ರಿ. ಈ ಪಟ್ಟಿಯ ಯಜಮಾನರಾಗಿದ್ದ ಟಾಮ್ ರಿಜ್ ಮುಂದೆ ತಮ್ಮ ಪುಸ್ತಕದಲ್ಲಿ, 2004ರ ಚುನಾವಣೆಯ ಹೊಸ್ತಿಲಲ್ಲಿ ಬಣ್ಣ ಏರಿಸಿ ಎಂದು ಸಂಪುಟದ ಹಿರಿಯರು ಒತ್ತಾಯಿಸಿದಾಗ ಇದು ಭದ್ರತೆಯೋ ರಾಜಕೀಯವೋ ಎಂದು ತಮಗೆ ಅನುಮಾನ ಬಂದಿತ್ತೆಂದು ಬರೆದರು. ಬಣ್ಣ ಏರಲಿಲ್ಲ. ಅನುಮಾನ ಮಾತ್ರ ಜನರಲ್ಲಿ ಮೊದಲೇ ಏರಿತ್ತು, ಅದೂ ಪಕ್ಷ ನೋಡಿಕೊಂಡು.

ನಮ್ಮವರಿಗೆ ಇದೆಲ್ಲ ತಿಳಿದದ್ದು ವಿಮಾನ ನಿಲ್ದಾಣದಲ್ಲಿ. 2001ರ ಡಿಸೆಂಬರಿನಲ್ಲಿ ರಿಚರ್ಡ್ ರೀಡ್ ಎಂಬವನು ಬೂಟಿನೊಳಗೆ ಸ್ಫೋಟಕ ತುಂಬಿಕೊಂಡು ಪ್ಯಾರಿಸಿನಿಂದ ಮಯಾಮಿಗೆ ಹೊರಟ ವಿಮಾನ ಹತ್ತಿ, ಕಡ್ಡಿ ಗೀರಿ ಸಿಕ್ಕಿಬಿದ್ದ. ಅವನೊಬ್ಬನ ದೆಸೆಯಿಂದ 2006ರಿಂದ ಎಲ್ಲರೂ ಪಾದರಕ್ಷೆ ಬಿಚ್ಚಬೇಕಾಯಿತು. ಅದೇ ವರ್ಷ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾಗಿ, ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಶೀಶೆ ನಿಷಿದ್ಧವಾಯಿತು. ಮಗಳ ಬಾಣಂತನಕ್ಕೆ ಹೊರಟ ಎಷ್ಟು ಅಜ್ಜಿಯರ ಮಾವಿನಮಿಡಿ ಉಪ್ಪಿನಕಾಯಿ ಆ ಬೂದುಬಣ್ಣದ ತಟ್ಟೆಗಳಿಂದ ಎದ್ದು ಕಸದ ಬುಟ್ಟಿ ಸೇರಿತೋ! ನನ್ನ ಕಣ್ಣೆದುರೇ ಒಮ್ಮೆ ನಡೆಯಿತು. ಕೈಗವಸು ತೊಟ್ಟ ಅಧಿಕಾರಿಣಿ ಶೀಶೆ ಎತ್ತಿ, ಬೆಳಕಿಗೆ ಹಿಡಿದು, ಎಣ್ಣೆಯಲ್ಲಿ ಮುಳುಗಿದ್ದ ಮಿಡಿಗಳನ್ನು ಅತ್ತಿತ್ತ ಅಲ್ಲಾಡಿಸಿ ನೋಡಿದಳು. ಅಜ್ಜಿ ಕನ್ನಡದಲ್ಲಿ, ಇದು ತೊಕ್ಕಲ್ಲ ಕಣಮ್ಮ, ಇಡೀ ಮಿಡಿ, ನೀರೇ ಇಲ್ಲ ಎಂದು ವಿವರಿಸುತ್ತಿದ್ದರು. ಕಾನೂನಿಗೆ ಉಪ್ಪಿನಕಾಯಿಯ ವರ್ಗೀಕರಣ ಗೊತ್ತಿಲ್ಲ. ಶೀಶೆ ಬುಟ್ಟಿಗೆ ಬಿತ್ತು. ಅಜ್ಜಿಯ ಪಕ್ಕದ ಸಾಲಿನಲ್ಲಿದ್ದ ದಪ್ಪನೆಯ ಅಮೆರಿಕನ್ನರು ಬೂಟು ಬಿಚ್ಚಿ ಸಾಕ್ಸಿನಲ್ಲಿ ನಿಂತು, ಇದೆಲ್ಲ ನಮ್ಮ ಒಳ್ಳೆಯದಕ್ಕೇ ಎಂಬ ಮುಖ ಹೊತ್ತಿದ್ದರು.

ಅಜ್ಜಿಯಾದರೂ ಸಾಮಾನ್ಯರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಆಗ ಭಾರತದ ರಕ್ಷಣಾ ಸಚಿವರು! ಅವರನ್ನು ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಎರಡು ಸಲ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ ಸಂಗತಿಯನ್ನು ಹೊರಗೆಡವಿದ್ದು ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಉಪಕಾರ್ಯದರ್ಶಿಯಾಗಿದ್ದ ಸ್ಟ್ರೋಬ್ ಟಾಲ್ಬಟ್, 2004ರ ತಮ್ಮ ಪುಸ್ತಕದಲ್ಲಿ. ಎಷ್ಟು ಬಿಚ್ಚಿಸಿದರು ಎಂಬ ಬಗ್ಗೆ ಆಮೇಲೆ ಚರ್ಚೆ ನಡೆಯಿತು. ಕೊನೆಗೆ ಅಮೆರಿಕ ಸರ್ಕಾರದ ಕಡೆಯಿಂದ ವಿಷಾದವೂ ಬಂತು. ಜೀವಮಾನವಿಡೀ ಇಸ್ತ್ರಿಯಿಲ್ಲದ ಜುಬ್ಬಾ ತೊಟ್ಟ ಮನುಷ್ಯ, ತುರ್ತುಪರಿಸ್ಥಿತಿಯಲ್ಲಿ ಕೈಗೆ ಬೇಡಿ ಹಾಕಿಸಿಕೊಂಡವರು. ಬೂಟು ಬಿಚ್ಚುವ ನಿಯಮವನ್ನು 2025ರ ಜುಲೈನಲ್ಲಿ ಕೈಬಿಟ್ಟರು. ಉಪ್ಪಿನಕಾಯಿಯ ನಿಯಮ ಈಗಲೂ ಇದೆ.

ಹೊರಗಿನವನನ್ನು ಹುಡುಕುವ ಈ ಚಟ 2001ರಲ್ಲಿ ಹುಟ್ಟಿದ್ದೂ ಅಲ್ಲ. 1995ರ ಏಪ್ರಿಲ್ 19ರಂದು ಓಕ್ಲಹೋಮಾ ನಗರದ ಸರ್ಕಾರಿ ಕಟ್ಟಡ ಸ್ಫೋಟದಲ್ಲಿ 19 ಮಕ್ಕಳೂ ಸೇರಿ 168 ಜನ ಸತ್ತರು. ಟೀವಿ ಪಂಡಿತರು ಮಧ್ಯಪ್ರಾಚ್ಯದ ಕಡೆ ಬೆರಳು ತೋರಿಸುತ್ತಿದ್ದ ಹೊತ್ತಿಗೆ ನಿಜವಾದ ಅಪರಾಧಿ ಹೆದ್ದಾರಿಯಲ್ಲಿ ಹಿಂದಿನ ನಂಬರ್ ಪ್ಲೇಟಿಲ್ಲದ ಕಾರು ಓಡಿಸಿಕೊಂಡು ಹೋಗುತ್ತಾ ಒಬ್ಬ ಪೊಲೀಸಿನವನ ಕೈಗೆ ಸಿಕ್ಕಿದ್ದ. ಟಿಮೋತಿ ಮೆಕ್‌ವೇ ಬಿಳಿಯ, ಕೊಲ್ಲಿ ಯುದ್ಧದಲ್ಲಿ ಪದಕ ಪಡೆದ ಸೈನಿಕ, ಸರ್ಕಾರದ ಮೇಲೆ ಹಗೆ ಸಾಧಿಸುತ್ತಿದ್ದವನು. ಆಗ ಮಾತ್ರ ಇವನು ನಿಮ್ಮವನು, ನಮ್ಮವನಲ್ಲ ಎಂಬ ಕಿತ್ತಾಟ ಈಗಿನಷ್ಟು ನಡೆಯಲಿಲ್ಲ.

ಒಗ್ಗಟ್ಟು ಸವೆದದ್ದು ಹೇಗೆಂಬುದನ್ನು ಅದೇ ಗ್ಯಾಲಪ್ ಲೆಕ್ಕದಲ್ಲಿ ನೋಡಬಹುದು. 2011ರಲ್ಲಿ ಬಿನ್ ಲಾಡೆನ್ ಸತ್ತಾಗ ಶ್ವೇತಭವನದ ಮುಂದೆ ಜನ ಕುಣಿದರು. ಒಬಾಮಾಗೆ ಬುಷ್‌ಗೆ ಸಿಕ್ಕ ನೆಗೆತದ ಚೂರೇ ಸಿಕ್ಕಿತು, ಅದೂ ಬೇಗ ಕರಗಿತು. 2019ರಲ್ಲಿ ಐಸಿಸ್‌ನ ಬಗ್ದಾದಿಯನ್ನು ಮುಗಿಸಿದ ಟ್ರಂಪ್‌ಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಶತ್ರು ಸತ್ತ ಸಂತೋಷವೂ ಯಾರ ಕಾಲದಲ್ಲಿ ಸತ್ತ ಎಂಬುದರ ಮೇಲೆ ನಿಂತಿತು.

ಆಮೇಲೆ 2021ರ ಜನವರಿ 6. ಚುನಾವಣೆಯಲ್ಲಿ ಸೋತ ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು. ಎಫ್‌ಬಿಐ ಮುಖ್ಯಸ್ಥ ಕ್ರಿಸ್ಟೋಫರ್ ರೇ ಅದನ್ನು ದೇಶದೊಳಗಿನ ಭಯೋತ್ಪಾದನೆ ಎಂದರು. ಒಬ್ಬ ರಿಪಬ್ಲಿಕನ್ ಸಂಸದನಿಗೆ ಅದರ ದೃಶ್ಯ ಪ್ರವಾಸಿಗರ ಭೇಟಿಯ ಹಾಗೆ ಕಂಡಿತು. ಟೆಕ್ಸಾಸಿನ ಸೆನೆಟರ್ ಟೆಡ್ ಕ್ರೂಜ್ ವರ್ಷ ತುಂಬುವ ಹಿಂದಿನ ದಿನ ಭಯೋತ್ಪಾದಕ ದಾಳಿ ಎಂದುಬಿಟ್ಟರು. ಮರುದಿನವೇ ಟೀವಿ ನಿರೂಪಕನೊಬ್ಬನ ಮುಂದೆ ಕೂತು, ಬಾಯಿತಪ್ಪಿ ಪೆದ್ದುಮಾತು ಆಡಿದೆ ಎಂದು ಗಲ್ಲ ಬಡಿದುಕೊಂಡರು. 2025ರ ಜನವರಿ 20ರಂದು ಟ್ರಂಪ್ ಮತ್ತೆ ಗದ್ದುಗೆ ಏರಿದ ದಿನವೇ ಆ ಪ್ರಕರಣದ ಸುಮಾರು 1,500 ಮಂದಿಗೆ ಕ್ಷಮಾದಾನವಾಯಿತು.

ನೀಲಿ ಕಡೆಯವರು ಮುಸಿಮುಸಿ ನಗಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಸ್ತೆಯಲ್ಲಿ ಆರೋಗ್ಯ ವಿಮಾ ಕಂಪನಿಯ ಮುಖ್ಯಸ್ಥನನ್ನು ಹಿಂದಿನಿಂದ ಗುಂಡಿಟ್ಟು ಕೊಂದಾಗ, ಕೊಂದವನನ್ನು ಹೀರೋ ಮಾಡಿ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡವರಲ್ಲಿ ಅವರ ಕಡೆಯವರು ಕಡಿಮೆಯೇನಿರಲಿಲ್ಲ. ಎಡಿಸನ್ನಿನ ನನ್ನ ಭಾವಮೈದ ಅಂದು ಕೊಲೆಯ ಬಗ್ಗೆ ಒಂದು ಸಾಲು, ವಿಮೆಯ ಕಂತಿನ ಬಗ್ಗೆ ಹನ್ನೆರಡು ಸಾಲು ಬರೆದಿದ್ದ. ಅವನ ಕಂತು ದುಬಾರಿ, ಒಪ್ಪಿದೆ. ಸತ್ತವನಿಗೂ ಮಕ್ಕಳಿದ್ದರು.

2025ರ ಜೂನಿನಲ್ಲಿ ಮಿನೆಸೋಟಾದ ಡೆಮಾಕ್ರಟಿಕ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಅವರನ್ನು ಪೊಲೀಸ್ ವೇಷದಲ್ಲಿ ಬಂದವನೊಬ್ಬ ಮನೆಯಲ್ಲೇ ಗಂಡನ ಸಮೇತ ಕೊಂದ. ಸೆಪ್ಟೆಂಬರಿನಲ್ಲಿ ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಬಲಪಂಥದ ಭಾಷಣಕಾರ ಚಾರ್ಲಿ ಕರ್ಕ್ ಮಾತಾಡುತ್ತಿರುವಾಗಲೇ ಕೊಲೆಯಾದ. ಕರ್ಕ್‌ಗಾಗಿ ದೇಶದ ಧ್ವಜವೆಲ್ಲ ಅರ್ಧಕ್ಕಿಳಿಯಿತು. ಹಾರ್ಟ್‌ಮನ್‌ಗಾಗಿ ಅಧ್ಯಕ್ಷರಿಂದ ಅಂಥ ಆಜ್ಞೆ ಹೊರಡಲಿಲ್ಲ. ರಾಜಕೀಯ ಹಿಂಸೆ ದೊಡ್ಡ ಸಮಸ್ಯೆಯೇ ಎಂದು ಸಮೀಕ್ಷೆಯವರು ಕೇಳಿದರೆ, ಸತ್ತವರು ತಮ್ಮ ಕಡೆಯವರಾದಾಗ ಹೌದೆನ್ನುವವರು ಹೆಚ್ಚು. ನಮ್ಮ ವಾಟ್ಸಾಪ್ ಗುಂಪಿನಲ್ಲೂ ಹಾಗೇ ಆಯಿತು. ಜೂನಿನಲ್ಲಿ ಪ್ಲೇನೋ ಮೌನ, ಸೆಪ್ಟೆಂಬರಿನಲ್ಲಿ ಎಡಿಸನ್ ಮೌನ.

ಇಷ್ಟೆಲ್ಲ ಆದರೂ ಕಾನೂನು ಏನೆನ್ನುತ್ತದೆ ಎಂದು ನೀವು ಕೇಳಬಹುದು. ದೇಶದೊಳಗಿನ ಭಯೋತ್ಪಾದನೆ ಎಂದರೇನು ಎಂಬ ವ್ಯಾಖ್ಯೆ 2001ರ ಪೇಟ್ರಿಯಟ್ ಕಾಯ್ದೆಯಲ್ಲಿದೆ. ಆದರೆ ಆ ಹೆಸರಿನಲ್ಲಿ ಕೇಂದ್ರ ಸರ್ಕಾರ ಹೊರಿಸಬಹುದಾದ ಪ್ರತ್ಯೇಕ ಅಪರಾಧ, ಅದಕ್ಕೊಂದು ಶಿಕ್ಷೆ ಇಲ್ಲ. 2019ರಲ್ಲಿ ಟೆಕ್ಸಾಸಿನ ಎಲ್ ಪಾಸೋದಲ್ಲಿ ಹಿಸ್ಪಾನಿಕ್ ಜನರನ್ನು ಹುಡುಕಿ 23 ಮಂದಿಯನ್ನು ಕೊಂದವನಿಗೆ ಕೇಂದ್ರ ನ್ಯಾಯಾಲಯ 90 ಜೀವಾವಧಿ ವಿಧಿಸಿದ್ದು ದ್ವೇಷಾಪರಾಧ ಮತ್ತು ಬಂದೂಕಿನ ಕಾನೂನುಗಳ ಕೆಳಗೆ. ಹೊಸ ಅಪರಾಧ ಸೃಷ್ಟಿಸುವುದು ಬೇಡ, ಕೊನೇಪಕ್ಷ ತನಿಖಾ ಸಂಸ್ಥೆಗಳಲ್ಲಿ ಇದಕ್ಕೆಂದೇ ಒಂದೊಂದು ಕಚೇರಿ ತೆರೆದು ನಿಗಾ ಇಡೋಣ ಎಂಬ ಸಾಧಾರಣ ಮಸೂದೆಯೊಂದು 2020ರ ಸೆಪ್ಟೆಂಬರಿನಲ್ಲಿ ಕೆಳಮನೆಯ ಮುಂದೆ ಬಂದಾಗ ಧ್ವನಿಮತದಿಂದಲೇ ಪಾಸಾಗಿತ್ತು. ಸೆನೆಟ್ಟಿನಲ್ಲಿ ಅಲ್ಲಿಗೇ ನಿಂತಿತು. 2022ರ ಮೇ ತಿಂಗಳಲ್ಲಿ ಬಫಲೋದ ದಿನಸಿ ಅಂಗಡಿಯಲ್ಲಿ ಹತ್ತು ಮಂದಿ ಕಪ್ಪುಜನರ ಕೊಲೆಯಾದ ಮೇಲೆ ಹೆಚ್ಚುಕಡಿಮೆ ಅದೇ ಮಸೂದೆ ಮತ್ತೆ ಬಂತು. ಈ ಸಲ ಕೆಳಮನೆಯಲ್ಲಿ ಹೌದೆಂದ ರಿಪಬ್ಲಿಕನ್ ಒಬ್ಬನೇ. ಸೆನೆಟ್ಟಿನಲ್ಲಿ ಚರ್ಚೆಗೆ ಎತ್ತಿಕೊಳ್ಳಲು 60 ಮತ ಬೇಕಿತ್ತು. ಬಿದ್ದದ್ದು 47–47.